ಆರು ತಿಂಗಳು ಅಂತ ಹಡಗಿನವರು ಹೇಳಿದ್ದಾರೆ

ಕಲ್ಯಾಣನಗರ, ಎಚ್‌ಬಿಆರ್ ಲೇಔಟ್, ಕಮ್ಮನಹಳ್ಳಿ, ಬಾಣಸವಾಡಿ. ಈ ಕಡೆಯ ಯಾವ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪನ್ನಾದರೂ ತೆಗೆದು ನೋಡಿ. ದಸರಾ ರಜೆಗೆ ಇನ್ನೊಂದು ತಿಂಗಳಿದೆ ಅನ್ನುವಾಗ ಈ ಪ್ರಶ್ನೆ ಬಂದೇ ಬರುತ್ತೆ: "ನಮ್ಮ ಪಾಪುಗೆ ಒಂದೂವರೆ ವರ್ಷ. ಕ್ರೂಸ್‌ಗೆ ಕರ್ಕೊಂಡು ಹೋಗಬಹುದಾ?" ಐದು ನಿಮಿಷದಲ್ಲಿ ಉತ್ತರವೂ ಬರುತ್ತೆ: "ಆರಾಮಾಗಿ ಹೋಗಿ. ಆರು ತಿಂಗಳ ಮೇಲಿದ್ದರೆ ಬಿಡ್ತಾರೆ." ಅದರ ಕೆಳಗೆ ಹತ್ತು ಹೆಬ್ಬೆರಳು. ಸರ್ವಜ್ಞನಗರ ನೋಡಿ, ಇಲ್ಲಿ ಎಲ್ಲರೂ ಸರ್ವಜ್ಞರೇ.

ನನ್ನ ತಕರಾರು ಇರೋದು ಈ ಉತ್ತರದ ಮೇಲೆ. ಉತ್ತರ ಸುಳ್ಳಲ್ಲ. ಆದರೆ ಅದು ಹಡಗಿನವರ ಉತ್ತರ. ಅದನ್ನು ನಮ್ಮ ಮನೆಯ ಉತ್ತರ ಮಾಡಿಕೊಂಡಿರೋದು ನಾವು.

ಮೊದಲು ಈ ಆರು ತಿಂಗಳು ಏನು ಅಂತ ನೋಡೋಣ. ರಾಯಲ್ ಕೆರಿಬಿಯನ್, ಕಾರ್ನಿವಲ್, ಡಿಸ್ನಿಯಂಥ ದೊಡ್ಡ ಕಂಪನಿಗಳು ಸಾಮಾನ್ಯ ಪ್ರಯಾಣಕ್ಕೆ ಕನಿಷ್ಠ 6 ತಿಂಗಳು ಅನ್ನುತ್ತವೆ. ಮಹಾಸಾಗರ ದಾಟುವಂಥ ಉದ್ದದ ಪ್ರಯಾಣಕ್ಕೆ ಅದೇ ಕಂಪನಿಗಳು 12 ತಿಂಗಳು ಕೇಳುತ್ತವೆ. ಯಾಕೆ ಈ ವ್ಯತ್ಯಾಸ? ಒಂದು ವರ್ಷದ ಮಗುವಿಗೆ ಸಮುದ್ರ ಹೆಚ್ಚು ಚೆಂದ ಕಾಣುತ್ತೆ ಅಂತಲ್ಲ. ದಡ ದೂರವಾದಷ್ಟೂ ಆಸ್ಪತ್ರೆ ದೂರ. ಅಂದರೆ ಈ ಸಂಖ್ಯೆಯ ಹಿಂದೆ ಇರೋದು ಅಪಾಯದ ಲೆಕ್ಕ. ಇದಕ್ಕಿಂತ ಚಿಕ್ಕ ಮಗುವಿನ ಹೊಣೆ ನಾವು ಹೊರಲ್ಲ ಅನ್ನೋದಷ್ಟೇ ಅದರ ಅರ್ಥ. ಕಾನೂನು 18ಕ್ಕೆ ಹೆಣ್ಣುಮಗಳ ಮದುವೆ ಮಾಡಬಹುದು ಅನ್ನುತ್ತೆ. ಹಾಗಂತ 18ನೇ ಹುಟ್ಟುಹಬ್ಬದ ದಿನ ಯಾರಾದರೂ ಛತ್ರ ಬುಕ್ ಮಾಡ್ತೀರಾ?

ತಮಾಷೆ ಅಂದರೆ ಹಡಗಿನವರು ಇನ್ನೊಂದು ವಯಸ್ಸನ್ನೂ ಹೇಳಿದ್ದಾರೆ. ಅದನ್ನು ನಾವು ಓದೋದೇ ಇಲ್ಲ. ರಾಯಲ್ ಕೆರಿಬಿಯನ್‌ನ ಮಕ್ಕಳ ಕ್ಲಬ್ಬಿಗೆ ಸೇರಬೇಕಾದರೆ ಮಗುವಿಗೆ 3 ವರ್ಷ ತುಂಬಿರಬೇಕು, ಡೈಪರ್ ಬಿಟ್ಟಿರಬೇಕು. ಅದಕ್ಕಿಂತ ಚಿಕ್ಕವರಿಗೆ ಕೆಲವು ಹಡಗುಗಳಲ್ಲಿ ನರ್ಸರಿ ಇದೆ, ಗಂಟೆಗಿಷ್ಟು ಅಂತ ದುಡ್ಡು ಕೊಡಬೇಕು. ಇನ್ನು ಈಜುಕೊಳ. ಡೈಪರ್ ಹಾಕಿದ ಮಗುವನ್ನು ಮುಖ್ಯ ಕೊಳಕ್ಕೆ ಇಳಿಸೋ ಹಾಗಿಲ್ಲ, ಈಜುವಾಗ ಹಾಕೋ ಡೈಪರ್ ಹಾಕಿದ್ದರೂ ಇಲ್ಲ. ಹಡಗಿನಲ್ಲಿ ಇಂಥವರಿಗೇ ಅಂತ ಬೇರೆ ನೀರಿನ ಜಾಗ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅಂದರೆ ಟಿಕೆಟ್ ತಗೊಳ್ಳೋಕೆ ಆರು ತಿಂಗಳು ಸಾಕು, ಕೊಟ್ಟ ದುಡ್ಡಿನ ಸುಖ ಮಗುವಿಗೆ ಸಿಗೋಕೆ ಮೂರು ವರ್ಷ ಬೇಕು. ಒಂದೇ ಕಂಪನಿ, ಎರಡು ಸಂಖ್ಯೆ. ನಮಗೆ ಕಂಡಿದ್ದು ಮೊದಲನೆಯದು ಮಾತ್ರ.

ಈಗ ಹಡಗಿನ ಒಳಗಿನ ಒಂದು ದಿನ ತಗೊಳ್ಳಿ. ಒಂದೆರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತೆ. ಮಧ್ಯಾಹ್ನ ಒಂದೆರಡು ಗಂಟೆ, ರಾತ್ರಿ ಎಂಟೂವರೆಯಿಂದ ಬೆಳಗಿನವರೆಗೆ. ಹಡಗಿನ ಜೀವ ಶುರುವಾಗೋದೇ ರಾತ್ರಿ ಎಂಟೂವರೆಗೆ: ಶೋ, ಸಂಗೀತ, ಊಟ, ಡೆಕ್ ಮೇಲಿನ ಗಾಳಿ. ಆ ಹೊತ್ತಿಗೆ ಲೈಟ್ ಆರಿಸಿದ ಪುಟ್ಟ ಕ್ಯಾಬಿನ್ನಿನಲ್ಲಿ ಯಾರೋ ಒಬ್ಬರು ಮೊಬೈಲಿನ ಬೆಳಕು ಕಡಿಮೆ ಮಾಡಿಕೊಂಡು, ಕೆಮ್ಮು ಬಂದರೂ ತಡಕೊಂಡು ಕೂತಿರಬೇಕು.

ಊಟದ ಕತೆ ಬೇರೆ. ಮನೆಯಲ್ಲಿ ರಾಗಿ ಸರಿ ಕಾಯಿಸಿ ಕೊಡ್ತೀವಲ್ಲ, ಅದಕ್ಕೆ ಅಂತ ಎಲೆಕ್ಟ್ರಿಕ್ ಕೆಟಲ್ ಬ್ಯಾಗಿಗೆ ಹಾಕಿದರೆ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಬೆಂಕಿಯ ಭಯಕ್ಕೆ ಬಹುತೇಕ ಹಡಗುಗಳಲ್ಲಿ ಕ್ಯಾಬಿನ್ನಿನೊಳಗೆ ಬಿಸಿ ಮಾಡೋ ಸಾಮಾನು ಬಿಡಲ್ಲ. ಆಮೇಲೆ ಫ್ಲಾಸ್ಕ್ ಹಿಡಿದು ಆ ಡೆಕ್ಕಿನಿಂದ ಈ ಡೆಕ್ಕಿಗೆ ಬಿಸಿನೀರಿಗೆ ಓಡಾಡಬೇಕು. ಹಗಲು ಮೂರು ಸಲ, ರಾತ್ರಿ ಮಗು ಎದ್ದರೆ ಇನ್ನೊಂದು ಸಲ.

ಹಾಗಾದರೆ ಕತ್ತಲೆ ಕ್ಯಾಬಿನ್ನಿನಲ್ಲಿ ಕೂರೋದು ಯಾರು? ಫ್ಲಾಸ್ಕ್ ಹಿಡಿದು ಓಡಾಡೋದು ಯಾರು?

ನಿಜವಾದ ಪ್ರಶ್ನೆ ಇದು. ಗುಂಪಿನಲ್ಲಿ ಯಾರೂ ಕೇಳದ ಪ್ರಶ್ನೆಯೂ ಇದೇ. ಯಾಕೆಂದರೆ ಉತ್ತರ ಎಲ್ಲರಿಗೂ ಗೊತ್ತು. ನಮ್ಮ ಮನೆಗಳಲ್ಲಿ ಅದಕ್ಕೆ ಅಜ್ಜಿ ಇದ್ದಾರೆ. "ಅಮ್ಮನ್ನೂ ಕರ್ಕೊಂಡು ಹೋಗ್ತಿದೀವಿ, ಪಾಪ, ಅವರೂ ಸಮುದ್ರ ನೋಡಿದ ಹಾಗಾಯ್ತು." ಎಷ್ಟು ಒಳ್ಳೆಯ ಮಾತು! ಆದರೆ ಅವರು ನೋಡಿದ್ದೆಷ್ಟು ಅಂತ ವಾಪಸ್ ಬಂದ ಮೇಲೆ ಕೇಳಿ. ಹತ್ತುವಾಗ ಒಂದು ಫೋಟೋ, ಇಳಿಯುವಾಗ ಒಂದು ಫೋಟೋ. ನಡುವೆ ಎರಡು ರಾತ್ರಿ, ಮಂಡಿನೋವು ಇಟ್ಟುಕೊಂಡು, ಮೊಮ್ಮಗು ಮಂಚದಿಂದ ಬೀಳದಂತೆ ದಿಂಬು ಒತ್ತರಿಸಿ ಕೂತಿದ್ದು. ಇದನ್ನು ಆಕೆಗೆ ಕೊಟ್ಟ ಪ್ರವಾಸ ಅಂತ ಕರೆಯಬೇಡಿ ದಯವಿಟ್ಟು. ಸಂಬಳ ಇಲ್ಲದ ಡ್ಯೂಟಿ ಅದು. ಊರು ಬೇರೆ, ಅಷ್ಟೇ. ಆಕೆ ಬೇಡ ಅನ್ನಲ್ಲ, ನಿಜ. ಅವರ ತಲೆಮಾರಿಗೆ ಬೇಡ ಅನ್ನೋದನ್ನು ಯಾರೂ ಕಲಿಸಿಲ್ಲ. ಅದರ ಲಾಭ ಪಡೀತಾ ಇರೋದು ನಾವು.

ಅಜ್ಜಿ ಬರದಿದ್ದರೆ ಆ ಜಾಗಕ್ಕೆ ಅಮ್ಮ. ಅಪ್ಪಂದಿರು ಬೇಜಾರು ಮಾಡ್ಕೋಬೇಡಿ, ಲೆಕ್ಕ ಹಾಕಿ ನೋಡಿ. "ನೀನು ಮಲಗಿಸು, ನಾನು ಹತ್ತು ನಿಮಿಷ ಮೇಲೆ ಹೋಗಿ ಬರ್ತೀನಿ" ಅಂದವರು ಯಾರು, ಆ ಹತ್ತು ನಿಮಿಷ ಎಷ್ಟು ಹೊತ್ತಾಯ್ತು?

ಆರು ತಿಂಗಳಿಗೆ ಇನ್ನೊಂದು ಕಾಕತಾಳೀಯ ಇದೆ. 2017ರ ತಿದ್ದುಪಡಿಯ ನಂತರ ನಮ್ಮ ಕಾನೂನು ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಕೊಡುತ್ತೆ. ಸರಿಸುಮಾರು ಆರು ತಿಂಗಳು. ಹೆರಿಗೆಗೆ ಮೊದಲೇ ಒಂದಷ್ಟು ವಾರ ತೆಗೆದುಕೊಂಡಿದ್ದರೆ ಉಳಿದಿದ್ದು ಇನ್ನೂ ಕಡಿಮೆ. ಖಾಸಗಿ ಕಂಪನಿಯ ಅಪ್ಪನಿಗೆ ಇಂಥ ಕಾಯ್ದೆಯೇ ಇಲ್ಲ, ಕಂಪನಿ ಮನಸ್ಸು ಮಾಡಿದಷ್ಟು ದಿನ. ಹೀಗಾಗಿ ಆಫೀಸು ತಾಯಿಯನ್ನು ಮಾನ್ಯತಾ ಟೆಕ್ ಪಾರ್ಕಿಗೆ ವಾಪಸ್ ಕರೆಯೋ ಹೊತ್ತಿಗೆ ಹಡಗು ಮಗುವನ್ನು ಒಳಗೆ ಬಿಡುತ್ತೆ. ಆ ಹೆಣ್ಣುಮಗಳು ಆಗ ಯಾವ ಸ್ಥಿತಿಯಲ್ಲಿರ್ತಾಳೆ ಅಂತ ಗೊತ್ತಲ್ಲ? ಪೂರ್ತಿ ನಿದ್ದೆ ಮಾಡಿ ತಿಂಗಳುಗಳಾಗಿವೆ. ಅವಳಿಗೆ ರಜೆ ಬೇಕೇ ಬೇಕು. ಅವಳಿಗೆ ನಾವು ಕೊಡ್ತಿರೋದು ಏನು? ಮನೆಯಲ್ಲಿರೋ ಅದೇ ಕೆಲಸ, ವಾಷಿಂಗ್ ಮಷೀನ್ ಇಲ್ಲದೆ, ಅಡುಗೆಮನೆ ಇಲ್ಲದೆ.

ನನ್ನ ಪಕ್ಷದವರೇ ಹೇಳೋ ಒಂದು ವಾದವನ್ನು ಇಲ್ಲೇ ಪಕ್ಕಕ್ಕಿಡ್ತೀನಿ. "ಮಗುಗೆ ಏನೂ ನೆನಪಿರಲ್ಲ, ಯಾಕೆ ದುಡ್ಡು ಸುರೀತೀರಿ?" ಮೂರು ವರ್ಷಕ್ಕೆ ಮುಂಚಿನದು ದೊಡ್ಡವರಾದ ಮೇಲೆ ಸಾಮಾನ್ಯವಾಗಿ ನೆನಪಿರಲ್ಲ ಅನ್ನೋದು ನಿಜ. ಆದರೆ ನೆನಪಿರಲ್ಲ ಅಂತ ಜೋಗುಳ ಹಾಡೋದನ್ನು ಯಾರಾದರೂ ಬಿಟ್ಟಿದ್ದೀವಾ? ಮಗುವಿನ ಇವತ್ತಿನ ಖುಷಿಗೆ ನಾಳೆಯ ನೆನಪಿನ ರಸೀದಿ ಬೇಕಿಲ್ಲ. ನಾನು ಕೇಳೋದು ಬೇರೆ: ಇವತ್ತಾದರೂ ಅದಕ್ಕೆ ಖುಷಿಯಾಗುತ್ತಾ? ಒಂದೂವರೆ ವರ್ಷದ ಮಗುವಿಗೆ ಬೇಕಾಗಿರೋದು ಒಂದೇ ಮೆಟ್ಟಿಲನ್ನು ಇಪ್ಪತ್ತು ಸಲ ಹತ್ತಿಳಿಯೋದು, ಬೀದಿನಾಯಿಗೆ ಟಾಟಾ ಮಾಡೋದು, ನಾಗವಾರದ ಮೆಟ್ರೋ ಕಾಮಗಾರಿಯ ಕ್ರೇನ್ ಕಡೆ ಬೆರಳು ತೋರಿಸೋದು. ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲು ಅದಕ್ಕೆ ಹನ್ನೊಂದು ಅಂತಸ್ತಿನ ಹಡಗಿಗಿಂತ ದೊಡ್ಡದು. ಹಡಗು ದೊಡ್ಡದು ಅಂತ ಅನಿಸೋದು ನಮಗೆ.

ಅಪಾಯದ ವಿಷಯದಲ್ಲೂ ನಾವು ಹೆದರೋದು ಬೇರೆಯದಕ್ಕೆ. ಎಲ್ಲರೂ ಕೇಳೋದು "ವಾಂತಿ ಮಾಡುತ್ತಾ?" ಅಂತ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಕರಿಕೆ ಅಪರೂಪ, ಅದು ಹೆಚ್ಚು ಕಾಡೋದು ಆಮೇಲಿನ ವಯಸ್ಸಿನಲ್ಲಿ. ಯೋಚಿಸಬೇಕಾದ್ದು ಬೇರೆ ಇದೆ. ಸಾವಿರಾರು ಜನ ಒಂದೇ ಬಫೆಯ ಸೌಟು ಮುಟ್ಟೋ ಜಾಗದಲ್ಲಿ ನೊರೊವೈರಸ್‌ನಂಥ ವಾಂತಿಭೇದಿ ಬೇಗ ಹಬ್ಬುತ್ತೆ, ಪುಟ್ಟ ಮಗುವಿನ ಮೈಯಲ್ಲಿ ನೀರು ಬೇಗ ಖಾಲಿಯಾಗುತ್ತೆ. ಹಡಗಿನಲ್ಲಿ ಡಾಕ್ಟರ್ ಇರ್ತಾರೆ, ಮಕ್ಕಳ ಡಾಕ್ಟರ್ ಸಾಮಾನ್ಯವಾಗಿ ಇರಲ್ಲ. ಕಮ್ಮನಹಳ್ಳಿಯಲ್ಲಿ ಆಟೋ ಹತ್ತಿದರೆ ಸಾಕು, ಮಕ್ಕಳ ಕ್ಲಿನಿಕ್ ಸಿಗುತ್ತೆ. ಅಲ್ಲಿ ಬಂದರು ಬರೋವರೆಗೆ ಕಾಯಬೇಕು. ದಡಾರ-ರುಬೆಲ್ಲಾ ಲಸಿಕೆಯ ಎರಡನೇ ಡೋಸ್ ನಮ್ಮ ಸರ್ಕಾರಿ ವೇಳಾಪಟ್ಟಿಯಲ್ಲಿ ಇರೋದು 16ರಿಂದ 24 ತಿಂಗಳ ನಡುವೆ. ಅದು ಆಗಿದೆಯಾ ಅಂತ ತಾಯಿ ಕಾರ್ಡ್ ತೆಗೆದು ನೋಡಿದೋರು ಎಷ್ಟು ಜನ? ಇನ್ನು ನೀರು. ಮುಳುಗಿ ಸಾಯೋರಲ್ಲಿ ಅತಿ ಹೆಚ್ಚಿನ ಪ್ರಮಾಣ 1ರಿಂದ 4 ವರ್ಷದ ಮಕ್ಕಳದ್ದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಎಲ್ಲ ಹಡಗಿನ ಕೊಳಗಳಲ್ಲೂ ಲೈಫ್‌ಗಾರ್ಡ್ ಇರಲ್ಲ. ಹೆದರಿಸೋಕೆ ಹೇಳ್ತಿಲ್ಲ. ಇಷ್ಟಕ್ಕೂ ಒಬ್ಬರು ಕಣ್ಣು ಮಿಟುಕಿಸದೆ ಜೊತೆಗಿರಬೇಕು ಅಂತ ಹೇಳ್ತಿದ್ದೀನಿ. ಆ ಒಬ್ಬರು ಯಾರು ಅನ್ನೋ ಪ್ರಶ್ನೆಗೇ ಮತ್ತೆ ಬಂದ್ವಿ.

ನಮ್ಮೂರಿಗೆ ಇದು ಇನ್ನಷ್ಟು ಕಷ್ಟ. 2009ರಲ್ಲಿ ತಿರುವಳ್ಳುವರ್ ಪ್ರತಿಮೆ ಹಲಸೂರು ಕೆರೆಯ ಹತ್ತಿರ ಅನಾವರಣಗೊಂಡಾಗ, ನಮ್ಮ ಕ್ಷೇತ್ರಕ್ಕೆ ಹೆಸರು ಕೊಟ್ಟ ಸರ್ವಜ್ಞ ಪ್ರತಿಮೆಯಾಗಿ ಚೆನ್ನೈನ ಅಯನಾವರಕ್ಕೆ ಹೋದ. ವಿನಿಮಯದಲ್ಲಿ ಸಮುದ್ರ ಮಾತ್ರ ನಮಗೆ ಬರಲಿಲ್ಲ. ಹಡಗು ಹತ್ತಬೇಕಾದರೆ ಸುಮಾರು 350 ಕಿಲೋಮೀಟರ್ ದೂರದ ಚೆನ್ನೈಗೋ, ವಿಮಾನದಲ್ಲಿ ಮುಂಬೈಗೋ, ನಾಲ್ಕೂವರೆ ಗಂಟೆಯ ಸಿಂಗಪುರಕ್ಕೋ ಹೋಗಬೇಕು. 2021ರಲ್ಲಿ ಕಾರ್ಡೀಲಿಯಾದ ಎಂಪ್ರೆಸ್ ಹಡಗು ಮುಂಬೈನಿಂದ ಹೊರಟ ಮೇಲೆ ಗೋವಾ, ಲಕ್ಷದ್ವೀಪದ ಕ್ರೂಸ್ ನಮ್ಮಂಥವರ ಕೈಗೆಟುಕಿತು, ಒಳ್ಳೆಯದೇ. ಜೊತೆಗೆ ಒಂದು ಅವಸರವೂ ಬಂತು: "ಎರಡು ವರ್ಷ ತುಂಬೋದರೊಳಗೆ ಹೋಗಿ ಬರೋಣ, ವಿಮಾನದಲ್ಲಿ ತೊಡೆ ಮೇಲೆ ಕೂರಿಸಿದರೆ ಪೂರ್ತಿ ಟಿಕೆಟ್ ಬೇಡ." ಒಂದು ಸೀಟಿನ ದುಡ್ಡು ಉಳಿಸೋಕೆ ಇಡೀ ಪ್ರವಾಸದ ದುಡ್ಡು ಸುರಿಯೋದು ಎಂಥ ಉಳಿತಾಯ ಸ್ವಾಮಿ?

ಸರಿ, ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತೆ. "ಹಾಗಾದ್ರೆ ಮಗು ಹುಟ್ಟಿದ್ದಕ್ಕೆ ಅಪ್ಪ-ಅಮ್ಮ ಐದು ವರ್ಷ ಮನೇಲಿ ಕೊಳೀಬೇಕಾ?" ಖಂಡಿತ ಬೇಡ. ತಾಯಂದಿರಿಗೆ ಬುದ್ಧಿ ಹೇಳೋಕೆ ಈ ಊರಿನಲ್ಲಿ ಸಾಕಷ್ಟು ಜನ ಇದ್ದಾರೆ, ಆ ಕ್ಯೂಗೆ ನಾನು ಸೇರಲ್ಲ. ನಾನು ಹೇಳೋದು ಇಷ್ಟೇ: ರಜೆ ನಮಗೆ ಬೇಕು ಅಂತ ಬಾಯಿಬಿಟ್ಟು ಹೇಳೋಣ. ಮಗುವಿನ ಹೆಸರಿನಲ್ಲಿ ಟಿಕೆಟ್ ತೆಗೆಯೋದು ಬೇಡ. ಎದೆಹಾಲು ಬಿಟ್ಟ ಮಗುವಾದರೆ ಅಮ್ಮ ಗೆಳತಿಯರ ಜೊತೆ ಎರಡು ರಾತ್ರಿ ಹೋಗಿ ಬರಲಿ, ಅಪ್ಪ ಮನೆಯಲ್ಲಿರಲಿ. ಮುಂದಿನ ಸಲ ಅಪ್ಪ ಹೋಗಲಿ. ಅಜ್ಜ-ಅಜ್ಜಿಗೆ ಸಮುದ್ರ ತೋರಿಸಬೇಕಾ? ಅವರಿಬ್ಬರಿಗೇ ಒಂದು ಕ್ಯಾಬಿನ್ ಮಾಡಿ ಕಳಿಸಿ, ಮೊಮ್ಮಗು ಇಲ್ಲದೆ. ಅಜ್ಜಿಯ ಮುಖ ಆಗ ನೋಡಿ.

ಎಲ್ಲರೂ ಒಟ್ಟಿಗೇ ಹೋಗಬೇಕು ಅಂದರೆ ನನ್ನ ಅಳತೆ ಹೀಗಿದೆ. ಮಗು ಹಗಲು ಡೈಪರ್ ಬಿಟ್ಟಿರಬೇಕು. ಮನೆಯದಲ್ಲದ ಊಟ ಮೂರು ದಿನ ತಿನ್ನಬೇಕು. ಎಲ್ಲಿ ನೋವು ಅಂತ ಬಾಯಿಬಿಟ್ಟು ಹೇಳಬೇಕು. "ನಿಲ್ಲು" ಅಂದರೆ ಹತ್ತರಲ್ಲಿ ಎಂಟು ಸಲವಾದರೂ ನಿಲ್ಲಬೇಕು. ಇದು ಕೆಲವರಿಗೆ ಮೂರಕ್ಕೆ ಆಗುತ್ತೆ, ಬಹಳ ಮಕ್ಕಳಿಗೆ ನಾಲ್ಕು ಬೇಕು. ಅಲ್ಲಿಯವರೆಗೆ ಒಂದು ತಾಲೀಮು ಮಾಡಿ ನೋಡಿ: ನಮ್ಮ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಮುರ್ಡೇಶ್ವರಕ್ಕೆ ರಾತ್ರಿ ರೈಲಿದೆ. ಬೇರೆ ಬರ್ತ್ ಕೇಳದಿದ್ದರೆ ಐದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಸಮುದ್ರ ಅದೇ ಅರಬ್ಬಿ ಸಮುದ್ರ. ಸಾಕಾಯ್ತು ಅನಿಸಿದರೆ ರೈಲು ಹತ್ತಿ ವಾಪಸ್ ಬರಬಹುದು. ಹಡಗಿನಿಂದ ನಡುವೆ ಇಳಿಯೋಕಾಗಲ್ಲ.

ಇನ್ನೊಂದು ಅಳತೆ ದೊಡ್ಡವರಿಗೆ. ಟಿಕೆಟ್ ಬುಕ್ ಮಾಡೋ ಮುಂಚೆ ಒಂದು ಹಾಳೆ ತಗೊಳ್ಳಿ. ಪ್ರತಿ ದಿನದ ಮಧ್ಯಾಹ್ನ, ಪ್ರತಿ ದಿನದ ರಾತ್ರಿ, ಒಂದೊಂದು ಖಾನೆ. ಕ್ಯಾಬಿನ್ನಿನಲ್ಲಿ ಮಗುವಿನ ಜೊತೆ ಯಾರಿರ್ತಾರೆ ಅಂತ ಹೆಸರು ಬರೆಯಿರಿ. ಅಪ್ಪನ ಹೆಸರೂ ಅಮ್ಮನ ಹೆಸರೂ ಸಮ ಸಮ ಬಂದು, ಅಜ್ಜಿಯ ಹೆಸರು ಅವರೇ ಕೇಳಿದ ಕಡೆ ಮಾತ್ರ ಬಂದಿದ್ದರೆ, ಮಗುವಿಗೆ ಒಂದೇ ವರ್ಷ ಆಗಿದ್ದರೂ ಹೋಗಿ ಬನ್ನಿ. ಡಾಕ್ಟರ್ ಹತ್ತಿರ ಒಂದು ಮಾತು ಕೇಳಿಕೊಳ್ಳಿ, ನನ್ನದೇನೂ ಅಡ್ಡಿಯಿಲ್ಲ. ಒಂದೇ ಹೆಸರು ಎಲ್ಲ ಖಾನೆಯಲ್ಲೂ ಬಂತಾ? ಹಾಗಿದ್ದರೆ ಮಗುವಿಗೆ ಹತ್ತು ವರ್ಷ ಆದರೂ ನಿಮ್ಮ ಮನೆಗೆ ಕ್ರೂಸಿನ ವಯಸ್ಸು ಆಗಿಲ್ಲ. ಹಾಳೆ ತುಂಬಿಸಿ, ಫ್ರಿಜ್ ಮೇಲೆ ಅಂಟಿಸಿ, ಆಮೇಲೆ ದುಡ್ಡು ಕಟ್ಟಿ.