ಹಕ್ಕಿಗೆ ಮರ ಬಿಟ್ಟವನ ಲೆಕ್ಕ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಈ ಸಲ ಗೂಡೆಷ್ಟು ಎಂಬ ಮಾತು ವರ್ಷ ವರ್ಷವೂ ಏಳುತ್ತದೆ. ಹೆಚ್ಚಿದರೆ ಹರ್ಷ, ತಗ್ಗಿದರೆ ಹಾಹಾಕಾರ. ಗೂಡು ಹೊತ್ತ ಮರ ಯಾರದೆಂದು ಕೇಳುವವರು ಕಡಮೆ. ನಾವು ಅದನ್ನೇ ಕೇಳುತ್ತೇವೆ.

ಶಿಂಷಾ ನದಿಯ ಬಳಿಯ ಈ ಊರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮರಿ ಮಾಡುವುದು ಕಾಡಿನಲ್ಲಲ್ಲ, ಬಡವರ ಹಿತ್ತಲಿನ ಹುಣಸೆಮರದಲ್ಲಿ, ಬೀದಿಯ ಅರಳಿಯಲ್ಲಿ. ಪ್ಲೇಗಿನ ಕಾಲದಲ್ಲಿ ಊರು ಹೊಳೆದಂಡೆ ಬಿಟ್ಟು ಈಚೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವೆಂದು ಹಿರಿಯರು ಹೇಳುತ್ತಾರೆ. ಬಾಣಂತನಕ್ಕೆ ತವರಿಗೆ ಬಂದ ಮಗಳೆಂದೇ ಅವಕ್ಕೆ ಅಲ್ಲಿ ಮರ್ಯಾದೆ.

ಆದರೆ ಹುಣಸೆ ಉದುರಿಸುವ ಕಾಲವೂ ಮರಿ ಬೆಳೆಯುವ ಕಾಲವೂ ಒಂದೇ. ಗಳು ಹಿಡಿದು ಕೊಂಬೆ ಬಡಿದರೆ ಮರಿ ಕೆಳಗೆ ಬೀಳುತ್ತದೆ. ಆದ್ದರಿಂದ ಮರದ ಒಡೆಯ ಬಡಿಯುವುದಿಲ್ಲ. ಒಂದು ಮರದ ಫಸಲು ಕೈತಪ್ಪಿದರೆ ಏನಾಗುತ್ತದೆಂಬುದನ್ನು ಸಂತೆಯಲ್ಲಿ ಹುಣಸೆಹಣ್ಣು ತೂಗುವ ನಮ್ಮ ವರ್ತಕ ಮಿತ್ರರಿಗೆ ವಿವರಿಸಬೇಕಾಗಿಲ್ಲ. ಮರದಡಿ ಹಿಕ್ಕೆಯ ಗೊಬ್ಬರ ಸಿಗುತ್ತದೆ, ನಿಜ. ಗೊಬ್ಬರದಿಂದ ಸಾಲ ತೀರದು.

1976ರ ಸುಮಾರಿಗೆ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಅನಂತರ ಮರಕ್ಕಿಷ್ಟೆಂದು ಪರಿಹಾರ ಬಂತು. 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂಬ ಹೆಸರೂ ಬಂತು. ಪರಿಹಾರ ಬೆಲೆಗೆ ಸಮವಲ್ಲ, ಕಾಲಕ್ಕೆ ಕೈಸೇರದು ಎಂಬುದು ಊರವರ ಹಳೆಯ ದೂರು. ಓವರ್‌ಟೈಮ್ ದುಡಿದು ಬಟವಾಡೆಯ ದಿನ ಬರಿಗೈಲಿ ಬಂದ ಕಾರ್ಮಿಕನಿಗೂ, ಉದ್ರಿ ಕೊಟ್ಟು ಬಾಗಿಲು ಕಾಯುವ ಅಂಗಡಿಯವನಿಗೂ ಈ ಸಂಕಟ ಹೊಸದೇ? ಇಂಥ ಹೊತ್ತಿನಲ್ಲಿ ಮರದ ಒಡೆಯ ಸೌದೆ ವ್ಯಾಪಾರಿಯ ರೊಕ್ಕಕ್ಕೆ ಒಪ್ಪಿದರೆ ಅವನನ್ನು ಕಟುಕನೆಂದು ಕರೆಯಲು ನಮ್ಮ ನಾಲಗೆ ಏಳದು. ಮರ ಹೋದರೆ ಗೂಡೂ ಹೋಯಿತು.

ಗೂಡು ತಗ್ಗಲು ಮರವೊಂದೇ ಕಾರಣವಲ್ಲ. ಮಳೆ ಕೈಕೊಟ್ಟು ಸುತ್ತಲ ಕೆರೆಗಳು ಬತ್ತಿದರೆ ಮರಿಗೆ ಮೀನಿಲ್ಲ. ನೀರು ಕೆಟ್ಟರೆ ಇನ್ನೂ ಕಷ್ಟ. 2017ರ ಡಿಸೆಂಬರಿನಿಂದ ಕೆಲವು ತಿಂಗಳಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತು ಬಿದ್ದವು. ಮೀನಿನ ಮೂಲಕ ಹೊಟ್ಟೆ ಸೇರಿದ ಹುಳುಗಳು ಸತ್ತ ಹಕ್ಕಿಗಳಲ್ಲಿ ಕಂಡವು. ಆ ಕೆರೆಗಳಲ್ಲೇ ಜನರ ದನಕರುಗಳೂ ನೀರು ಕುಡಿಯುತ್ತವೆ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ ಸಾಕಿದವರು ಹಳ್ಳಿಯ ಹುಡುಗರು.

ಸರ್ಕಾರ ಮಾಡಬೇಕಾದುದು ಇಷ್ಟು: ಆಯಾ ವರ್ಷದ ಸಂತೆಯ ಹುಣಸೆ ಧಾರಣೆಯ ಮೇಲೆ ಪರಿಹಾರ ಕಟ್ಟಲಿ, ಮರದ ಒಡೆಯರ ಹೆಸರು, ಸಲ್ಲಬೇಕಾದ ಮೊತ್ತ ಎರಡನ್ನೂ ಪಂಚಾಯಿತಿ ಗೋಡೆಗೆ ಅಂಟಿಸಲಿ, ಹಕ್ಕಿಗಳು ಊರು ಬಿಡುವುದರೊಳಗೆ ಹಣ ಕೈಸೇರಲಿ.