ಕೈಗಾರಿಕಾ ಸೆರಾಮಿಕ್‌ಗೆ ಸುಂಕಪಟ್ಟಿಯಲ್ಲಿ ಹೆಸರು ಕೊಡಿ

ಅಲ್ಯೂಮಿನಾ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಭಟ್ಟಿಯಲ್ಲಿ ಸುಟ್ಟರೆ ಉಕ್ಕಿಗಿಂತ ಗಡುಸಾದ ಸೆರಾಮಿಕ್ ಸಿಗುತ್ತದೆ. ಅದರಿಂದ ಮಾಡಿದ ಲೋಹ ಕರಗಿಸುವ ಮೂಸೆಯನ್ನು ವಿದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕಪಟ್ಟಿಯ 6903ನೇ ಶೀರ್ಷಿಕೆಗೆ ಸೇರುತ್ತದೆ. ಜವಳಿ ಯಂತ್ರದಲ್ಲಿ ನೂಲು ಸಲೀಸಾಗಿ ಸಾಗಲು ಕೂರಿಸುವ ಪುಟ್ಟ ಗೈಡ್ ಆದರೆ 6909, ವಿದ್ಯುತ್ ಇನ್ಸುಲೇಟರ್ ಆದರೆ 8546, ಸೊಂಟದ ಕೃತಕ ಕೀಲಿನ ಗುಂಡಾದರೆ 9021, ಸಾಣೆಚಕ್ರವಾದರೆ 6804. ಹೊರಗಿನಿಂದ ನೋಡುವವರಿಗೆ ಇದು ಗೊಂದಲವೆನಿಸಬಹುದು, ಆದರೆ ಇದರ ಹಿಂದೆ ತರ್ಕವಿದೆ. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಘಟನೆಯ ಆಶ್ರಯದಲ್ಲಿ 1988ರಿಂದ ಜಾರಿಯಲ್ಲಿರುವ ‘ಎಚ್ಎಸ್’ ವರ್ಗೀಕರಣ ಪದ್ಧತಿಯನ್ನೇ ನಮ್ಮ 1975ರ ಕಸ್ಟಮ್ಸ್ ಸುಂಕ ಕಾಯ್ದೆಯ ಪಟ್ಟಿಯೂ ಅನುಸರಿಸುತ್ತದೆ. ಮೂಸೆ, ನೂಲಿನ ಗೈಡ್ ಎರಡಕ್ಕೂ ಕಾವು ತಾಳುವ ಶಕ್ತಿ ಇದೆ. ಆದರೆ ಕಾವಿನ ಕೆಲಸಕ್ಕೆಂದೇ ರೂಪಿಸಿದ್ದು ಮೂಸೆ ಮಾತ್ರ. ಎಚ್ಎಸ್‌ನ ಅಧಿಕೃತ ವಿವರಣಾ ಟಿಪ್ಪಣಿಗಳು ಇದೇ ಎರಡು ವಸ್ತುಗಳನ್ನು ಉದಾಹರಿಸಿ ಆ ವ್ಯತ್ಯಾಸವನ್ನು ತಿಳಿಸುತ್ತವೆ. ಹಾಗಾಗಿ ನನ್ನ ಆಕ್ಷೇಪ ಪದ್ಧತಿಯ ತರ್ಕದ ಮೇಲಲ್ಲ. ಆ ತರ್ಕ ಅರ್ಧಕ್ಕೇ ನಿಂತುಬಿಡುವ ಜಾಗವೊಂದಿದೆ, ನಮ್ಮ ಸರ್ಕಾರ ತನ್ನ ಕೈಯಲ್ಲೇ ಇರುವ ಅಧಿಕಾರವನ್ನು ಅಲ್ಲಿ ಬಳಸಿಲ್ಲ.

ಪ್ರಯೋಗಾಲಯ, ರಾಸಾಯನಿಕ ಕೈಗಾರಿಕೆ ಮತ್ತು ಇತರ ತಾಂತ್ರಿಕ ಬಳಕೆಯ ಸೆರಾಮಿಕ್‌ಗೆಂದು ಇರುವ 6909ನೇ ಶೀರ್ಷಿಕೆಯೇ ಆ ಜಾಗ. ಅದರಡಿ ತಾಂತ್ರಿಕ ವಸ್ತುಗಳಿಗೆ ಇರುವುದು ಮೂರೇ ಉಪಶೀರ್ಷಿಕೆ: ಪಿಂಗಾಣಿಯವು, ಮೋಸ್ ಮಾಪಕದಲ್ಲಿ 9 ಅಥವಾ ಹೆಚ್ಚು ಗಡಸುತನ ಉಳ್ಳವು, ಮತ್ತು ‘ಇತರೆ’. ಎಂಟು ಅಂಕಿಯ ಭಾರತೀಯ ಪಟ್ಟಿಯಲ್ಲಿ ಈ ‘ಇತರೆ’ಯೊಳಗೆ ಹೆಸರು ಹಿಡಿದು ಗುರುತಿಸಿರುವುದು ನೀರು ಶೋಧಿಸುವ ಫಿಲ್ಟರ್ ಕ್ಯಾಂಡಲನ್ನು ಮಾತ್ರ. ಜಿರ್ಕೋನಿಯಾದ ಪಂಪ್ ಬುಶ್, ವಾಹನದ ಹೊಗೆ ಶುದ್ಧೀಕರಿಸುವ ಸಾಧನಕ್ಕೆ ಬೇಕಾದ ಜೇನುಗೂಡಿನಾಕಾರದ ಸೆರಾಮಿಕ್‌ನಂಥವು ಈ ಶೀರ್ಷಿಕೆಗೆ ಬಂದಾಗ ಎಲ್ಲವೂ ಹೆಸರಿಲ್ಲದ ಒಂದೇ ಸಾಲಿನಲ್ಲಿ ಕರಗಿಹೋಗುತ್ತವೆ.

ಗಡಸುತನದ ಗೆರೆಯೂ ಗಟ್ಟಿಯಾಗಿಲ್ಲ. ಜರ್ಮನ್ ಖನಿಜತಜ್ಞ ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಮಾಪಕವದು. ಯಾವ ಖನಿಜ ಯಾವುದನ್ನು ಗೀರುತ್ತದೆ ಎಂಬುದರ ಮೇಲೆ ಅದು ನಿಂತಿದೆ. ಕುರಂದಕ್ಕೆ 9, ವಜ್ರಕ್ಕೆ 10. ಇವು ಬರೀ ಕ್ರಮಾಂಕಗಳು. ನಿಜದ ಗಡಸುತನದಲ್ಲಿ 9 ಮತ್ತು 10ರ ನಡುವಿನ ಅಂತರ ಅದಕ್ಕೂ ಕೆಳಗಿನ ಎಲ್ಲ ಅಂತರಗಳನ್ನು ಕೂಡಿದ್ದಕ್ಕಿಂತ ದೊಡ್ಡದು. ಬಂಡೆಯ ಚೂರನ್ನು ಗುರುತಿಸಲು ಇಷ್ಟು ಸಾಕು. ಆದರೆ ಇಂದಿನ ತಯಾರಕರು ತಮ್ಮ ನಕ್ಷೆ, ಪರೀಕ್ಷಾ ಪತ್ರಗಳಲ್ಲಿ ನಮೂದಿಸುವುದು ಸಾಮಾನ್ಯವಾಗಿ ವಿಕರ್ಸ್ ಗಡಸುತನವನ್ನು. ಸಿಲಿಕಾನ್ ಕಾರ್ಬೈಡ್, ಬೋರಾನ್ ಕಾರ್ಬೈಡ್‌ಗಳ ವಿಷಯದಲ್ಲಿ ಅನುಮಾನವಿಲ್ಲ, ಅವು 9ನ್ನು ದಾಟುತ್ತವೆ. ತಕರಾರು ಹುಟ್ಟುವುದು ಗೆರೆಯ ಆಸುಪಾಸಿನಲ್ಲಿರುವ ಸಿಲಿಕಾನ್ ನೈಟ್ರೈಡ್‌ನಲ್ಲಿ, ಗಾಜಿನಂಶ ಮತ್ತು ರಂಧ್ರಗಳು ಸೇರಿ ಗಡಸುತನ ಕುಗ್ಗಿದ ಅಗ್ಗದ ಅಲ್ಯೂಮಿನಾದಲ್ಲಿ. ಅಳೆಯಬೇಕಾದ್ದು ಹರಳಿನ ಗಡಸುತನವನ್ನೋ ಇಡೀ ವಸ್ತುವಿನದನ್ನೋ ಎಂಬುದನ್ನು ಉಪಶೀರ್ಷಿಕೆಯ ಪದಗಳು ಹೇಳುವುದಿಲ್ಲ.

ಇದಕ್ಕಿಂತ ದೊಡ್ಡ ಪರಿಣಾಮ ಬೀರುವುದು ಯಂತ್ರೋಪಕರಣಗಳ 84ನೇ ಅಧ್ಯಾಯದ ಮೊದಲ ಟಿಪ್ಪಣಿ. ಸೆರಾಮಿಕ್‌ನಿಂದ ಮಾಡಿದ ಯಂತ್ರವಾಗಲಿ, ಯಾವುದೇ ಯಂತ್ರದ ಸೆರಾಮಿಕ್ ಬಿಡಿಭಾಗವಾಗಲಿ ಆ ಅಧ್ಯಾಯಕ್ಕೆ ಸೇರದೆ 69ಕ್ಕೆ ಹೋಗಬೇಕು ಎನ್ನುತ್ತದೆ ಅದು. ಅರೆವಾಹಕ ತಯಾರಿಕೆಯ ಯಂತ್ರಗಳಿಗೆ 8486 ಎಂಬ ವಿಶೇಷ ಶೀರ್ಷಿಕೆ ಇದೆ. ಅವುಗಳಲ್ಲಿ ಹೆಚ್ಚಿನವು 1996ರ ಮಾಹಿತಿ ತಂತ್ರಜ್ಞಾನ ಒಪ್ಪಂದದ ಫಲವಾಗಿ ಸುಂಕವಿಲ್ಲದೆ ಬರುತ್ತವೆ. ಆದರೆ ಆ ವಿಶೇಷ ಶೀರ್ಷಿಕೆಯೂ ಇದೇ ಟಿಪ್ಪಣಿಗೆ ಅಧೀನ. ಹೀಗಾಗಿ ಯಂತ್ರದೊಳಗೆ ಕೂತು ಬಂದ ಸೆರಾಮಿಕ್ ಉಂಗುರಕ್ಕೆ ಸುಂಕವಿಲ್ಲ, ಸವೆದ ಮೇಲೆ ಅದರ ಬದಲಿಗೆ ಬಿಡಿಯಾಗಿ ತರಿಸಿದ ಉಂಗುರ ಮಾತ್ರ 69ನೇ ಅಧ್ಯಾಯಕ್ಕೆ ಜಾರುತ್ತದೆ. ಲೋಹದ ಭಾಗಗಳು ‘ಹೆಚ್ಚಿನ ಪ್ರಮಾಣ’ದಲ್ಲಿ ಕೂಡಿದ್ದರೆ ವಸ್ತು ಸೆರಾಮಿಕ್ ಎಂಬ ಗುಣ ಕಳೆದುಕೊಳ್ಳುತ್ತದೆಂದು ವಿವರಣಾ ಟಿಪ್ಪಣಿ ಹೇಳುತ್ತದೆ. ಆ ಪ್ರಮಾಣ ತೂಕದಲ್ಲೋ ಬೆಲೆಯಲ್ಲೋ, ಎಷ್ಟು ಪಾಲು ಎಂಬುದನ್ನು ಮಾತ್ರ ಹೇಳುವುದಿಲ್ಲ. ಅರೆವಾಹಕ ಉದ್ಯಮ ಕಟ್ಟಲು 2021ರಲ್ಲಿ 76,000 ಕೋಟಿ ರೂಪಾಯಿಯ ಯೋಜನೆ ಘೋಷಿಸಿದ ದೇಶ ಈ ಅಸ್ಪಷ್ಟತೆಯನ್ನು ಬಂದರಿನ ಅಧಿಕಾರಿಯ ವಿವೇಚನೆಗೆ ಬಿಟ್ಟು ಕೂರಬಾರದು.

ಸುಂಕದ ಹಣಕ್ಕಿಂತ ಮಾಹಿತಿಯ ನಷ್ಟ ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ. ಮೈಸೂರು ಸಂಸ್ಥಾನದ ಕಾಲದ ಸರ್ಕಾರಿ ಪಿಂಗಾಣಿ ಕಾರ್ಖಾನೆಯಿಂದ ಬೆಳೆದ ಬೆಂಗಳೂರಿನ ಬಿಎಚ್ಇಎಲ್ ಘಟಕವನ್ನೇ ನೋಡಿ. ವಿದ್ಯುತ್ ಇನ್ಸುಲೇಟರ್‌ಗಳ ಜೊತೆಗೆ, ಕಲ್ಲಿದ್ದಲಿನ ಪುಡಿ ಹರಿಯುವ ಕೊಳವೆಗಳು ಸವೆಯದಂತೆ ತಡೆಯುವ ಸೆರಾಮಿಕ್ ಒಳಪದರವನ್ನೂ ಅದು ತಯಾರಿಸಿದೆ. ಇಂಥ ಇನ್ಸುಲೇಟರ್‌ಗಳ ಆಮದು ಎಷ್ಟೆಂದು 8546ರ ಅಂಕಿಅಂಶ ನೇರವಾಗಿ ತಿಳಿಸುತ್ತದೆ. ಒಳಪದರದ ಲೆಕ್ಕ ಹಾಗೆ ಸಿಗುವುದಿಲ್ಲ. ಅದು 6909ರೊಳಗೆ ಬೇರೆ ಹತ್ತಾರು ಸರಕಿನ ಜೊತೆ ಬೆರೆತುಹೋಗಿರುತ್ತದೆ. ಯಾವ ವಸ್ತುವನ್ನು ನಾವು ಎಷ್ಟು ತರಿಸುತ್ತಿದ್ದೇವೆಂದು ತಿಳಿಯದಿದ್ದರೆ ಅದನ್ನು ಇಲ್ಲಿಯೇ ಮಾಡುವ ಉದ್ಯಮಿ ಬ್ಯಾಂಕಿನ ಮುಂದೆ ಏನೆಂದು ವಾದಿಸಬೇಕು? ಸುರಿಯುವಿಕೆ ವಿರೋಧಿ (ಆ್ಯಂಟಿ-ಡಂಪಿಂಗ್) ಸುಂಕ ಕೇಳುವವರಿಗೂ ಮೊದಲು ಬೇಕಾಗುವುದು ಆಮದಿನ ಲೆಕ್ಕವೇ.

ಎಚ್ಎಸ್ ಅಂತರರಾಷ್ಟ್ರೀಯ ಒಪ್ಪಂದ, ನಾವೊಬ್ಬರೇ ಅದನ್ನು ತಿದ್ದಲಾಗದು ಎಂಬ ಮಾತಿದೆ. ಆರು ಅಂಕಿಗಳ ಮಟ್ಟಿಗೆ ಅದು ನಿಜ. ಅದರಾಚೆಗಿನ ವಿಭಾಗಗಳನ್ನು ಪ್ರತಿ ದೇಶವೂ ತನಗೆ ಬೇಕಾದಂತೆ ಮಾಡಿಕೊಳ್ಳಲು ಆ ಒಪ್ಪಂದವೇ ಅವಕಾಶ ಕೊಟ್ಟಿದೆ; ಫಿಲ್ಟರ್ ಕ್ಯಾಂಡಲ್‌ಗೆ ಸಾಲು ಸಿಕ್ಕಿದ್ದು ಹಾಗೆಯೇ. ಮುಂಗಡ ತೀರ್ಪಿನ ಪ್ರಾಧಿಕಾರಗಳು ದೆಹಲಿ, ಮುಂಬೈಗಳಲ್ಲಿ ಇವೆಯಲ್ಲ ಎಂದೂ ಕೇಳಬಹುದು. ಅವು ಉಪಯುಕ್ತ ಸಂಸ್ಥೆಗಳೇ, ಆದರೆ ಅವುಗಳ ತೀರ್ಪು ಕಟ್ಟುಪಾಡಾಗುವುದು ಅರ್ಜಿದಾರನಿಗೆ ಮತ್ತು ಅವನ ವ್ಯಾಪ್ತಿಯ ಅಧಿಕಾರಿಗಳಿಗೆ ಮಾತ್ರ, ಅದೂ ಗರಿಷ್ಠ ಮೂರು ವರ್ಷ. ಹೆಚ್ಚು ತೂಕದ ಆಕ್ಷೇಪ ಮತ್ತೊಂದಿದೆ: ಸಾಲುಗಳು ಹೆಚ್ಚಿದಷ್ಟೂ ಜಗಳ ಹೆಚ್ಚುತ್ತದೆ, ಎಲ್ಲಕ್ಕೂ ಒಂದೇ ದರ ಇಟ್ಟರೆ ವರ್ಗೀಕರಣದ ಪ್ರಶ್ನೆಯೇ ಏಳದು. ಸಾಲು ಹೆಚ್ಚಿಸಿ ದರಗಳನ್ನೂ ಬೇರೆಬೇರೆ ಮಾಡಿದರೆ ಜಗಳ ಹೆಚ್ಚುವುದು ಖಂಡಿತ, ಅದನ್ನು ಒಪ್ಪುತ್ತೇನೆ. ಆದ್ದರಿಂದಲೇ 6909ರೊಳಗಿನ ಹೊಸ ಸಾಲುಗಳೆಲ್ಲಕ್ಕೂ ಸುಂಕದ ದರ ಒಂದೇ ಇರಲಿ ಎನ್ನುತ್ತೇನೆ. ಆದರೆ ಒಂದೇ ದರ ಎಂಬ ಮದ್ದು ಆ ಶೀರ್ಷಿಕೆಯ ಒಳಗಷ್ಟೇ ಕೆಲಸ ಮಾಡುತ್ತದೆ. 69 ಮತ್ತು 84ನೇ ಅಧ್ಯಾಯಗಳ ಗಡಿಯಲ್ಲಿ ಬೀಳುವ ವ್ಯಾಜ್ಯ ಅದರಿಂದ ಅಳಿಯದು. ಮುಕ್ತ ವ್ಯಾಪಾರ ಒಪ್ಪಂದಗಳ ಮೂಲದೇಶ ನಿಯಮಗಳೂ ಕೋಡನ್ನೇ ನೋಡುತ್ತವೆ.

ಎಚ್ಎಸ್‌ನ ಮುಂದಿನ ಆವೃತ್ತಿ 2028ರ ಜನವರಿ 1ರಿಂದ ಜಾರಿಗೆ ಬರಲಿದ್ದು, ನಮ್ಮ ಪಟ್ಟಿಯನ್ನು ಆಗ ಹೇಗೂ ತಿದ್ದಲೇಬೇಕು. ಅಲ್ಯೂಮಿನಾ, ಜಿರ್ಕೋನಿಯಾ, ಸಿಲಿಕಾನ್ ಕಾರ್ಬೈಡ್, ಸಿಲಿಕಾನ್ ನೈಟ್ರೈಡ್‌ಗಳಿಗೆ ಪ್ರತ್ಯೇಕ ಎಂಟು ಅಂಕಿಯ ಸಾಲುಗಳನ್ನು ಆಗಲೇ ತೆರೆಯಲಿ. ಮೋಸ್ 9ಕ್ಕೆ ಸಮನಾದ ವಿಕರ್ಸ್ ಮೌಲ್ಯವನ್ನೂ ಪರೀಕ್ಷಾ ವಿಧಾನವನ್ನೂ, ಲೋಹದೊಡನೆ ಕೂಡಿದ ಬಿಡಿಭಾಗಗಳಿಗೆ ‘ಹೆಚ್ಚಿನ ಪ್ರಮಾಣ’ವೆಂದರೆ ಎಷ್ಟೆಂಬುದನ್ನೂ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಲಿ. ಜೊತೆಗೆ ಆ ಸುತ್ತೋಲೆಯಲ್ಲಿ ಇನ್ನೊಂದು ಸಾಲು ಬೇಕು. ಸತ್ಯ ಮರೆಮಾಚಿದ ಆರೋಪವಿದ್ದರೆ ಕಸ್ಟಮ್ಸ್ ಕಾಯ್ದೆಯ 28ನೇ ಕಲಂ ಐದು ವರ್ಷ ಹಿಂದಿನ ಬಾಕಿ ಕೇಳಲು ಅವಕಾಶ ಕೊಡುತ್ತದೆ. ತನ್ನ ವಸ್ತುವಿನ ರಚನೆ, ಬಳಕೆಗಳನ್ನು ಬಿಲ್ ಆಫ್ ಎಂಟ್ರಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದ ಆಮದುದಾರನ ಮೇಲೆ, ಹೊಸ ವ್ಯಾಖ್ಯಾನವನ್ನು ಹಿಡಿದು, ಆ ಕಲಂ ಪ್ರಯೋಗಿಸಬಾರದು.