ಮೂರು ಸಲ ಕೂಗಿದ ಮೇಲೂ ಮುಗಿಯದ ಹರಾಜು

ನಮ್ಮ ಪಾವಗಡದ ಕಡೆ ಹುಣಸೆ ಮರದ ಫಸಲು ಹರಾಜಾಗುವುದನ್ನು ನೋಡಿದ್ದೀರಾ? ಒಂದು ಸಲ, ಎರಡು ಸಲ, ಮೂರು ಸಲ ಎಂದು ಕೂಗಿದರೆ ಮುಗಿಯಿತು. ಆಮೇಲೆ ‘ರೇಟು ಕಮ್ಮಿಯಾಯ್ತು, ನಾಳೆ ಮತ್ತೆ ಕೂಗೋಣ’ ಎಂದರೆ ಊರೇ ಸೇರಿ ಉಗಿಯುತ್ತದೆ. ಆನ್‌ಲೈನ್ ಹರಾಜಿನಲ್ಲಿ ಉಗಿಯುವವರೇ ಇಲ್ಲ.

ವರದಿಗೆ ಹೋದಾಗ ಇರಲಿ ಎಂದು ಅಂಥದ್ದೊಂದು ತಾಣದಲ್ಲಿ ಹಳೇ ಕ್ಯಾಮೆರಾ ಲೆನ್ಸಿಗೆ ಬಿಡ್ ಹಾಕಿದ್ದೆ. ರಾತ್ರಿ ಹನ್ನೊಂದಕ್ಕೆ 6,200 ರೂಪಾಯಿಗೆ ನನ್ನದಾಯಿತು. ಬೆಳಿಗ್ಗೆ ಅಂಗಡಿಯವನ ಸಂದೇಶ: ‘ಲೆನ್ಸ್ ಬಿದ್ದು ಒಡೆದಿದೆ, ಆರ್ಡರ್ ರದ್ದು.’ ಮೂರನೇ ದಿನ ಅದೇ ಫೋಟೊ, ಅಂಚಿನಲ್ಲಿ ಅದೇ ಗೀರು, ಮತ್ತೆ ಹರಾಜಿಗೆ! ಈ ಸಲ ಆರಂಭದ ಬೆಲೆಯೇ 8,000. ಒಡೆದ ಗಾಜು ಮೂರೇ ದಿನಕ್ಕೆ ಕೂಡಿಕೊಂಡಿತೇನೋ!

ಇದಕ್ಕೆ ಕಾನೂನಿಲ್ಲವೇ? ಇದೆ, ಅದೂ ಬ್ರಿಟಿಷರ ಕಾಲದ್ದು. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿನ ಪ್ರಕಾರ, ಸುತ್ತಿಗೆ ಬಿದ್ದೋ ರೂಢಿಯ ಬೇರೆ ರೀತಿಯಲ್ಲೋ ಹರಾಜು ಮುಗಿಯಿತೆಂದು ಸಾರಿದೊಡನೆ ಮಾರಾಟ ಪೂರ್ಣ. ಬೆಲೆ ಏರಿಸಲು ಮಾರುವವನೇ ಸುಳ್ಳು ಬಿಡ್ ಹಾಕಿಸಿದ್ದರೆ ಕೊಂಡವನು ವ್ಯಾಪಾರವನ್ನೇ ಬೇಡವೆನ್ನಬಹುದು.

‘ಮಾರುವವನಿಗೂ ನಷ್ಟವಾಗಬಾರದಲ್ಲ?’ ಎನ್ನುತ್ತೀರಿ. ಸರಿ. ಅದಕ್ಕೇ ಕನಿಷ್ಠ ಬೆಲೆಯನ್ನು ಮೊದಲೇ ಇಟ್ಟುಕೊಳ್ಳಲು ಅದೇ ಕಲಮು ಅವಕಾಶ ಕೊಟ್ಟಿದೆ. ನಮ್ಮ ಎಪಿಎಂಸಿಗಳ ಇ-ಟೆಂಡರಿನಲ್ಲೂ ಬೆಲೆ ಹಿಡಿಸದಿದ್ದರೆ ರೈತ ಬೇಡವೆನ್ನಬಹುದು. ಆ ನಿಯಮ ಬಿಡ್ ಹಾಕುವ ವರ್ತಕನಿಗೆ ಮೊದಲೇ ಗೊತ್ತಿರುತ್ತದೆ. ಲೆನ್ಸ್ ಒಡೆಯಿತೆಂದು ರೈತ ಸುಳ್ಳು ಹೇಳಬೇಕಿಲ್ಲ.

ಇನ್ನು ಕೆಲವರದ್ದು ಬೇರೆ ಆಟ. ಕೆಟ್ಟು ವಾಪಸು ಬಂದ ಮಾಲಿನ ಹಳೇ ಪುಟ ಅಳಿಸಿ, ಬೈದವರ ಮಾತೆಲ್ಲ ಮಾಯ ಮಾಡಿ, ಹೊಸ ಪುಟದಲ್ಲಿ ಮತ್ತೆ ಮಾರಾಟಕ್ಕಿಡುವುದು. ಸಂತೆಯಲ್ಲಿ ಕುಂಟೆತ್ತನ್ನು ಮತ್ತೆ ತಂದರೆ ಯಾರಾದರೊಬ್ಬರು ಗುರುತು ಹಿಡಿಯುತ್ತಾರೆ. ಇಲ್ಲಿ ಆ ಗುರುತನ್ನೇ ಒರೆಸಿಬಿಡುತ್ತಾರೆ.

ತೆಗೆದುಹಾಕಿದ ಸರಕನ್ನೇ ಪದೇ ಪದೇ ಮಾರಾಟಕ್ಕಿಡುವವರ ಲೆಕ್ಕ ಇಡಲು ತಾಣಗಳು ಪ್ರಯತ್ನಿಸಬೇಕು ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಆದರೆ ಅದು ಕಾಪಿರೈಟ್, ಟ್ರೇಡ್‌ಮಾರ್ಕ್ ಮತ್ತು ಐಟಿ ಕಾಯ್ದೆಗಳಡಿ ತೆಗೆದ ಸರಕಿಗೆ ಮಾತ್ರ. ಕಂಪನಿಯ ಹೆಸರು ಕದ್ದರೆ ಲೆಕ್ಕಕ್ಕುಂಟು, ಕೊಳ್ಳುವವನಿಗೆ ಟೋಪಿ ಹಾಕಿದರೆ ಲೆಕ್ಕಕ್ಕಿಲ್ಲ. ಇದ್ಯಾವ ನ್ಯಾಯ ಸ್ವಾಮಿ?

ಆಗಬೇಕಾದದ್ದು ದೊಡ್ಡದೇನಲ್ಲ. ಒಂದು ಮಾಲಿಗೆ ಒಂದೇ ನಂಬರು ಇರಲಿ. ಹಿಂದಿನ ಬಿಡ್‌ಗಳು, ರದ್ದಾದ ಕಾರಣ ಎಲ್ಲರಿಗೂ ಕಾಣಲಿ. ಗೆದ್ದವನಿಗೆ ಕೊಡದವನು ಅದೇ ಮಾಲನ್ನು ಮತ್ತೆ ಹರಾಜಿಗಿಡದಂತೆ ತಾಣವೇ ತಡೆಯಲಿ.

ಅಲ್ಲಿಯವರೆಗೆ ನೀವು ಮಾಡಬೇಕಾದದ್ದು: ಬಿಡ್ ಗೆದ್ದ ತಕ್ಷಣ ಸ್ಕ್ರೀನ್‌ಶಾಟ್ ತೆಗೆದಿಡಿ. ತಾಣದ ದೂರು ಅಧಿಕಾರಿಗೆ ಬರೆಯಿರಿ. 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾರಿದವನು ದೆಹಲಿಯಲ್ಲಿದ್ದರೂ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ನನ್ನ ದೂರು ಹೋಗಿದೆ. ಲೆನ್ಸ್ ನಿನ್ನೆ ಮೂರನೇ ಸಲ ಹರಾಜಿಗೆ ಬಂದಿದೆ.